ಟೊಂಗೆಯಿಂದ ಬಂದ ನಿಂಬೆ ಗಿಡ

ಹೆಂಡತಿ ಈ ಮಾತುಗಳನ್ನು ಆಡಿದ್ದಳೋ, ಅವಳು ಹೋದ ಮೇಲೆ ನಾನೇ ಕಟ್ಟಿಕೊಂಡೆನೋ, ಖಾತ್ರಿಯಿಲ್ಲ. ನೆನಪಿನಲ್ಲಿ ಅವಳು ಇಂಡಿ ಊರಿನ ನಮ್ಮ ಹಿತ್ತಲಲ್ಲಿ ನಿಂಬೆಯ ಟೊಂಗೆಯೊಂದರ ತೊಗಟೆ ಸುಲಿದು, ಹಸಿ ಮಣ್ಣು ಮೆತ್ತಿ, ಬಟ್ಟೆ ಕಟ್ಟುತ್ತಿದ್ದಾಳೆ. ಬೇರು ಬಿಟ್ಟ ಮೇಲೆ ಕತ್ತರಿಸಿ ನಾಲತವಾಡದಲ್ಲಿರುವ ತನ್ನ ತಂಗಿಗೆ ಕೊಡಬೇಕು.

“ಇದ ಗಿಡಾನ ಅಲ್ಲೂ ಇರ್ತೈತೇನ್ರಿ?”

“ಹೌದು. ಬೀಜದ್ದಾದ್ರ ಬ್ಯಾರೆ ಆಗಬಹುದು. ಟೊಂಗಿಯಿಂದ ಬಂದದ್ದು ಇದರ ಕ್ಲೋನ್,” ಎಂದೆ. ಜೈವಿಕ ತಂತ್ರಜ್ಞಾನ ಓದಿದವನು ನಾನು.

“ಮಂದಿ ನಮ್ಮ ಮಗಳಿಗೂ ನನ್ನ ಕ್ಲೋನ್ ಅಂತಾರಲ್ರಿ?”

“ಅದು ತಪ್ಪು. ಅಕಿಯೊಳಗ ಅರ್ಧ ನಾನು ಅದೇನಿ.”

“ಅದಕ್ಕ ಅಷ್ಟು ಹಟಮಾರಿ!” ಎಂದು ನಕ್ಕಳು.

ಅವಳು ತೀರಿಕೊಂಡ ಮರುಬೇಸಿಗೆಗೆ ಹಿತ್ತಲ ಗಿಡ ಒಣಗಿತು. ಎಷ್ಟು ನೀರು ಹಾಕಿದರೂ ಉಳಿಯಲಿಲ್ಲ. ಆ ಟೊಂಗೆ ನಿಜವಾಗಿ ನಾಲತವಾಡ ತಲುಪಿತ್ತೇ ಎಂಬುದೂ ನೆನಪಾಗಲಿಲ್ಲ. ಫೋನಿನಲ್ಲಿ ಕೇಳಲು ಅಂಜಿದೆ, ಇಲ್ಲ ಎಂದುಬಿಟ್ಟರೆ? ಕಡೆಗೆ ಬಸ್ ಹತ್ತಿದೆ.

“ಅಕ್ಕಾ ತಾನ ಬಂದು ಹಚ್ಚಿದ್ದು ಮಾಮಾ, ಮರತ್ರೇನು?” ಎನ್ನುತ್ತ ನಾದಿನಿ ಹಿತ್ತಲಿಗೆ ಕರೆದೊಯ್ದಳು.

ಎಲೆ ಹಿಸುಕಿ ಮೂಸಿದೆ. ಅದೇ ವಾಸನೆ. ಎಲ್ಲ ನಿಂಬೆಗೂ ಇದೇ ವಾಸನೆ ಎಂದು ನನ್ನ ಓದು ಒಳಗೇ ಹೇಳಿತು. ಪುಸ್ತಕದ ಪ್ರಕಾರ ಇದು ನಮ್ಮ ಹಿತ್ತಲ ಗಿಡವೇ, ಸತ್ತೇ ಇಲ್ಲ. ಹಾಗೆಂದು ಹೆಂಡತಿಗೆ ಹೇಳಲು ಹಿಂದಕ್ಕೆ ತಿರುಗಿದರೆ ಅವಳಿರಲಿಲ್ಲ. ಬುಡದಲ್ಲೇ ಕುಳಿತು ಅತ್ತುಬಿಟ್ಟೆ.

ಆ ಮಾತುಗಳ ಬಗ್ಗೆ ಇಂದಿಗೂ ಅನುಮಾನವಿದೆ. ಗಿಡ ಮಾತ್ರ ನಾಲತವಾಡದಲ್ಲಿದೆ, ಈ ಸಲ ಕಾಯಿ ಬಿಟ್ಟಿದೆ.