ಬಾಗಿಲು ದಾಟಿ ಬಂದ ರಾಕ್ಷಸ

ಸೇತುವೆ ಕಾಯುವ ರಾಕ್ಷಸನನ್ನು ನಾನು ನ್ಯಾಯವಾಗಿಯೇ ಕೊಂದಿದ್ದೆ. ಗಂಗಾವತಿಯಲ್ಲಿ ಇಷ್ಟು ವರ್ಷ ಇದನ್ನು ಯಾರೂ ನಂಬಲಿಲ್ಲ. ನಮ್ಮಣ್ಣನಂತೂ ನಂಬಲೇ ಇಲ್ಲ.

ನಾನು ಕಾಲೇಜಿಗೆ ಹೋಗುವಾಗ ಅಣ್ಣ ಬಸ್ ಸ್ಟ್ಯಾಂಡ್ ಹತ್ತಿರ ಡಿಟಿಪಿ ಅಂಗಡಿ ಇಟ್ಟಿದ್ದ. ಲಗ್ನಪತ್ರಿಕೆಗಳ ಗಡಿಬಿಡಿ ಮುಗಿದರೆ ಕಂಪ್ಯೂಟರಿಗೆ ಕೆಲಸವಿರುತ್ತಿರಲಿಲ್ಲ. ಅವನ ಗೆಳೆಯರು ಎಲ್ಲಿಂದಲೋ ತಂದು ಅದರಲ್ಲಿ ಒಂದು ಆಟ ಹಾಕಿದ್ದರು. ಕತ್ತಿ ಹಿಡಿದವನು, ಮಂತ್ರ ಬಲ್ಲವಳು, ಗಾಯ ಮಾಯಿಸುವ ವೈದ್ಯ, ಹೀಗೆ ಆರು ಜನರ ತಂಡ ಕಟ್ಟಿಕೊಂಡು ಗುಹೆ ಕಾಡು ಸುತ್ತಬೇಕು, ಒಬ್ಬೊಬ್ಬರ ಪಾಳಿ ಬಂದಾಗ ಹೊಡೆದಾಡಬೇಕು. ಕೊನೆಗೆ ಸೇತುವೆಯ ತುದಿಯ ಕೋಣೆಯಲ್ಲಿ ಈ ರಾಕ್ಷಸ. ಅವನ ಮೈ ದೊಡ್ಡದು, ಬಾಗಿಲು ಸಣ್ಣದು. ತಂಡವನ್ನು ಹೊರಗೆ ನಿಲ್ಲಿಸಿದರೆ ಅವನು ಚೌಕಟ್ಟಿನಲ್ಲಿ ಸಿಕ್ಕಿಬೀಳುತ್ತಿದ್ದ. ಆಮೇಲೆ ಹುಡುಗರು ದೂರದಿಂದ ಬಾಣ ಬಿಡುತ್ತಾ ಚಹಾ ಕುಡಿಯುತ್ತಿದ್ದರು. ಆಟ ಮಾಡಿದವರ ಎಡವಟ್ಟು, ಇವರ ಪರಾಕ್ರಮ!

ನಾನು ಒಳಗೇ ಹೋಗಿ ಹೊಡೆದೆ. ಆದರೆ ಅಂಗಡಿಯಲ್ಲಿ ಆಗ ನಾನೊಬ್ಬಳೇ ಇದ್ದೆ, ಸಾಕ್ಷಿಗೆ ಒಂದು ನೊಣವೂ ಇರಲಿಲ್ಲ.

"ಬಾಗಲಾಗ ಸಿಗಿಸಿ ಹೊಡದಿರ್ತಿ, ಬಿಡವ್ವಾ," ಅಂದ ಅಣ್ಣ. ಗೆಳೆಯರು ಹಲ್ಲು ಕಿಸಿದರು. ಅಷ್ಟಕ್ಕೇ ಬಿಟ್ಟನೇ? ನನ್ನ ಮದುವೆಯಲ್ಲಿ ಯಲಬುರ್ಗಾದ ಬೀಗರ ಮುಂದೆಯೂ, "ನಮ್ಮ ತಂಗಿ ಭಾಳ ಶ್ಯಾಣ್ಯಾಕಿ ಅದಾಳ್ರಿ, ರಾಕ್ಷಸನ್ನ ಬಾಗಲಾಗ ಸಿಗಿಸಿ ಹೊಡೀತಾಳ," ಅಂದುಬಿಟ್ಟ. ಎಲ್ಲರೂ ನಕ್ಕರು. ಬಾಸಿಂಗ ಕಟ್ಟಿಕೊಂಡು ಕೂತ ನನಗೆ ಮೈಯೆಲ್ಲ ಉರಿಯಿತು.

ಈಗ ಆ ಆಟ ಹೊಸ ರೂಪದಲ್ಲಿ ಮತ್ತೆ ಬಂದಿದೆ. ಚಿತ್ರ ಚೊಕ್ಕ, ದನಿ ಚೊಕ್ಕ, ಸುಲಭ ಬೇಕೋ ಕಠಿಣ ಬೇಕೋ ಆರಿಸಿಕೊಳ್ಳಬಹುದು. ಬಾಗಿಲನ್ನೂ ಅಗಲ ಮಾಡಿದ್ದಾರೆ. ಕಳೆದ ಪಂಚಮಿಗೆ ತವರಿಗೆ ಹೋದಾಗ ಅಣ್ಣ ಕಂಪ್ಯೂಟರ್ ಮುಂದೆ ಮುಖ ಊದಿಸಿಕೊಂಡು ಕೂತಿದ್ದ. ರಾಕ್ಷಸ ಸಲೀಸಾಗಿ ಬಾಗಿಲು ದಾಟಿ ಬಂದು ಅವನ ತಂಡವನ್ನು ತುಳಿದುಹಾಕುತ್ತಿದ್ದ.

"ಆಟಾನ ಕೆಡಿಸಿಬಿಟ್ಟಾರ. ಸುಲಭಕ್ಕ ಇಟ್ರೂ ಸಾಯವಲ್ಲ ಈ ಸುಡಗಾಡು."

"ಕೆಡಿಸಿಲ್ಲ, ಸರಿ ಮಾಡ್ಯಾರ. ಏಳಣ್ಣಾ, ನಾ ಕುಂದರ್ತೀನಿ."

ಕೂತವಳೇ ಎಲ್ಲಕ್ಕಿಂತ ಕಠಿಣ ಮಟ್ಟಕ್ಕೆ ತಿರುಗಿಸಿದೆ. "ತಲಿ ಕೆಟ್ಟೈತೇನ ನಿನಗ?" ಎಂದು ಅಣ್ಣ ಕೂಗಿಕೊಂಡ.

ಅವನ ತಪ್ಪು ನೋಡಿದ ಕೂಡಲೇ ಗೊತ್ತಾಗಿತ್ತು. ಔಷಧಿ, ತಾಯಿತ, ರಕ್ಷೆಯ ಮಂತ್ರ ಎಲ್ಲವನ್ನೂ ಮುಂದೆ ನಿಂತ ಕತ್ತಿಯವನಿಗೇ ಸುರಿದಿದ್ದ. ಕಟ್ಟಕಡೆಗೆ ನಿಂತ ವೈದ್ಯ ಬರಿಗೈಯಲ್ಲಿದ್ದ. ವೈದ್ಯ ಸತ್ತ ಮೇಲೆ ಉಳಿದವರನ್ನು ಎಬ್ಬಿಸುವವರು ಯಾರು?

ನಮ್ಮೂರು ನವಲಿಯಲ್ಲಿ ನಮ್ಮ ಗದ್ದೆ ಕಾಲುವೆಯ ತುದಿಯಲ್ಲಿದೆ. ಮೇಲಿನವರು ನೀರು ತಿರುಗಿಸಿಕೊಂಡು ಕೂತರೆ ನಮ್ಮ ಸಸಿ ಒಣಗಿತೆಂದೇ ಲೆಕ್ಕ. ಅದಕ್ಕೇ ಊರವರು ಕೂತು ಮಾತಾಡಿ ಪಾಳಿ ಗೊತ್ತುಮಾಡಿದ್ದರು: ಮೊದಲ ನೀರು ತುದಿಯ ಗದ್ದೆಗೆ, ಆಮೇಲೆ ಒಂದೊಂದಾಗಿ ಮೇಲಿನವರಿಗೆ. ಅಪ್ಪನ ಹಿಂದೆ ಬದುವಿನ ಮೇಲೆ ಓಡಾಡಿ ಈ ಪಾಳಿ ನೋಡುತ್ತ ಬೆಳೆದವಳು ನಾನು. ಅಣ್ಣ ಆಗ ಹಾಸ್ಟೆಲಿನಲ್ಲಿ ಓದುತ್ತಿದ್ದ.

ನಾನು ತುದಿಯಿಂದಲೇ ಶುರು ಮಾಡಿದೆ. ಮೊದಲ ರಕ್ಷೆ ವೈದ್ಯನಿಗೆ, ಆಮೇಲೆ ಮಂತ್ರದವಳಿಗೆ. ಕತ್ತಿಯವನಿಗೆ ಬರೀ ಗುರಾಣಿ. ತಂಡವನ್ನು ಒಳಗೆ ನುಗ್ಗಿಸಿದೆ. ರಾಕ್ಷಸ ಬೀಸಿದ ಮೊದಲ ಏಟಿಗೇ ಕತ್ತಿಯವನು ನೆಲಕ್ಕೆ ಬಿದ್ದ.

"ಹೋತು, ಎಲ್ಲಾ ಹೋತು!" ಅಂದ ಅಣ್ಣ.

"ಸುಮ್ಮನ ನೋಡ್ಕೋಂತ ಕುಂದ್ರು."

ವೈದ್ಯ ಅವನನ್ನು ಎಬ್ಬಿಸಿದ. ಮತ್ತೆ ಬಿದ್ದ, ಮತ್ತೆ ಎಬ್ಬಿಸಿದ. ಹಿಂದಿನಿಂದ ಮಂತ್ರದವಳು ಬೆಂಕಿ ಬಿಡುತ್ತಲೇ ಇದ್ದಳು. ಕಡೆಗೆ ರಾಕ್ಷಸ ಮೊಣಕಾಲೂರಿ ದೊಪ್ಪನೆ ಬಿದ್ದ. ನಾನಂತೂ ಹಿಗ್ಗಿ ಹೀರೇಕಾಯಿಯಾಗಿದ್ದೆ. ಸುಳ್ಳೇಕೆ, ಆ ಕ್ಷಣ ನನ್ನಂಥವಳು ಇಡೀ ಜಿಲ್ಲೆಯಲ್ಲಿ ಇಲ್ಲ ಅನ್ನಿಸಿತು.

ಅಣ್ಣ ಪರದೆಗೆ ಮುಖ ತಂದು ಸತ್ತ ರಾಕ್ಷಸನನ್ನು ನೋಡಿದ. ಆಮೇಲೆ, "ಅವತ್ತೂ ಹಿಂಗ ಹೊಡದಿದ್ದೇನ?" ಎಂದು ಮೆಲ್ಲಗೆ ಕೇಳಿದ.

"ಹಿಂಗ. ಈಗ ಯಲಬುರ್ಗಾಕ್ಕ ಫೋನ್ ಹಚ್ಚು."

ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ, ನಿಜವಾಗಿಯೂ ಹಚ್ಚಿದ. "ಬೀಗರ, ಅವತ್ತ ಲಗ್ನದಾಗ ನಾ ಹೇಳಿದ್ದು ಸುಳ್ಳರಿ. ನಮ್ಮ ತಂಗಿ ಒಳಗ ಹೋಗೇ ಹೊಡದಿದ್ಲ್ರಿ."

"ಯಾರನ್ನ ಹೊಡದ್ಲರಿ?" ನನ್ನ ಮಾವನ ಗಾಬರಿ ನನಗೂ ಕೇಳಿಸಿತು.

"ರಾಕ್ಷಸನ್ನರಿ," ಅಂದ ಅಣ್ಣ, ತಾನೇ ಹೊಡೆದವನ ಹಾಗೆ ಎದೆಯುಬ್ಬಿಸಿ. "ಎದುರಾಎದುರ ನಿಂತು."