ಹೋಬರ್ಟ್ ಅಜ್ಜ ತೋರಿಸಿದ ದಾರಿ

ಕೆಂಟಕಿಯ ಗುಡ್ಡಗಳ ನಡುವೆ, ಲಾರೆಲ್ ತೊರೆಯ ದಡದಲ್ಲಿ ಮೊಳೆ, ಬಿತ್ತನೆ ಬೀಜ ಮಾರುವ ಆರ್ಲೀನಾ ಕಾಡಿಲ್‌ಗೆ ಎಪ್ಪತ್ತೊಂದು ವರ್ಷ. ಗಿರಾಕಿ ಎರಡು ಮೊಳೆ ಕೇಳಿದರೆ ಮನೆಯಲ್ಲಿ ಸುತ್ತಿಗೆ ಇದೆಯೇ ಎಂದು ವಿಚಾರಿಸುವವಳು. ಆ ವಸಂತದಲ್ಲಿ ಅವಳಿಗೆ ಬೇಕಿದ್ದದ್ದು ಒಂದೇ: ಗುಡ್ಡದ ನೆತ್ತಿಯ ಮೇಲಿರುವ ಮನೆತನದ ಸಮಾಧಿಗಳಿಗೆ ದಾರಿ. ಮೇ ತಿಂಗಳ ಕೊನೆಯ ಭಾನುವಾರ ಅಲ್ಲಿ ಕಳೆ ಕಿತ್ತು, ಹೂವಿಟ್ಟು, ಸತ್ತವರ ಪಕ್ಕದಲ್ಲೇ ಕೂತು ಹುರಿದ ಕೋಳಿ ತಿನ್ನದಿದ್ದರೆ ಕಾಡಿಲ್ ಮಂದಿಗೆ ವರ್ಷ ಕಳೆದಂತಾಗುವುದಿಲ್ಲ. ಅವಳ ಗಂಡನೂ ಹೋದ ಚಳಿಗಾಲದಿಂದ ಅಲ್ಲೇ ಇದ್ದ.

ಗುಡ್ಡ ಕೊಂಡು ಅದರ ಬುಡದಲ್ಲಿ ಹೊಸ ಮನೆ ಕಟ್ಟಿದ್ದ ಒಹಾಯೋದ ಪ್ರೆಸ್ಕಾಟ್ ಸಾಹೇಬರು ದಾರಿಗೆ ಗೇಟಿಟ್ಟು ಬೀಗ ಜಡಿದರು. ಸರ್ಕಾರದ ನಕ್ಷೆಯಲ್ಲಿ ದಾರಿ ಇದ್ದರೆ ಬಿಡುತ್ತೇನೆ ಎಂದರು.

ಆರ್ಲೀನಾ ಪೆಟ್ಟಿಗೆಯಿಂದ 1934ರ ಸರ್ಕಾರಿ ನಕ್ಷೆ ತೆಗೆದಳು. ಈಗ ಬರೀ ಮರಗಳಿರುವ ಕಣಿವೆಯಲ್ಲಿ ಹನ್ನೊಂದು ಕಪ್ಪು ಚುಕ್ಕಿ, ಅಂದರೆ ಹನ್ನೊಂದು ಮನೆ, ಒಂದು ಶಾಲೆ, ನೆತ್ತಿಯಲ್ಲಿ ಸಮಾಧಿಯ ಶಿಲುಬೆ. ದಾರಿಯೂ ಇತ್ತು, ಆದರೆ ಕರಡಿಬಂಡೆಯ ಕಡೆ. ಎತ್ತರ ತೋರಿಸುವ ಕಂದು ಗೆರೆಗಳು ಅಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅಷ್ಟು ಕಡಿದು. ಮೇಕೆಯೂ ಹತ್ತಿದ್ದಿಲ್ಲ.

ಕಾರಣ ಮನೆಯವರಿಗೆಲ್ಲ ಗೊತ್ತಿತ್ತು. ಆ ನಕ್ಷೆಗಾಗಿ ಅಳತೆಗೆ ಬಂದವನನ್ನು ಹೋಬರ್ಟ್ ಅಜ್ಜ ಕಳ್ಳಸಾರಾಯಿ ಹಿಡಿಯುವ ಅಧಿಕಾರಿ ಎಂದುಕೊಂಡಿದ್ದ. ನಿಜವಾದ ದಾರಿಯ ಮಗ್ಗುಲಲ್ಲೇ ಅಜ್ಜನ ಸಾರಾಯಿ ಭಟ್ಟಿ. ಹಾಗಾಗಿ ಬಂದವನನ್ನು ಜಗಲಿಯಲ್ಲಿ ಕೂರಿಸಿ, ಬೀನ್ಸು, ಜೋಳದ ರೊಟ್ಟಿ ತಿನ್ನಿಸಿ, ಬೆರಳನ್ನು ಬಂಡೆಯ ಕಡೆ ತೋರಿಸಿದ್ದ. ಹೊಟ್ಟೆ ತುಂಬಿದವನು ಕೂತಲ್ಲೇ ಗೆರೆ ಎಳೆದಿದ್ದ. ಅರವತ್ತು ವರ್ಷ ಅದನ್ನು ಹೇಳಿಕೊಂಡು ಮನೆಮಂದಿ ನಕ್ಕಿದ್ದಾಯಿತು.

"ಈಗ್ಲೂ ನಗು ಬರ್ತಿದ್ಯೇನೇ?" ಎಂದ ಚಿಕ್ಕಪ್ಪನ ಮಗ ವರ್ಲಿನ್.

ಅವಳು ಆ ಸುಳ್ಳುದಾರಿಯ ಮೇಲೆ ಬೆರಳಾಡಿಸುತ್ತಿದ್ದಳು. ಗುಡ್ಡದ ಬುಡದಲ್ಲಿ ಒಂದು ಕಡೆ ಬೆರಳು ನಿಂತಿತು. ನಕ್ಷೆ ಸುತ್ತಿಕೊಂಡು ನೇರ ಪ್ರೆಸ್ಕಾಟರ ಬಳಿ ಹೋದಳು. ಅವರು ನಕ್ಷೆ ನೋಡಿ, ಬಂಡೆ ನೋಡಿ, ಉದಾರಿಯಾದರು.

"ಇದೇ ದಾರೀಲಿ ಧಾರಾಳವಾಗಿ ಹೋಗಿ, ಅಮ್ಮ."

"ಬರ್ಕೊಡಿ. ನಂಗೆ ಮರೆವು ಜಾಸ್ತಿ."

ಇಪ್ಪತ್ತು ವರ್ಷದ ಹಿಂದೆ ಯಾರು ಯಾವ ಗುದ್ದಲಿ ಒಯ್ದರೆಂದು ಹೇಳಬಲ್ಲ ಹೆಂಗಸಿಗೆ ಅವರು ಬರೆದುಕೊಟ್ಟರು.

ಸೋಮವಾರ ಹದಿನಾಲ್ಕು ಜನ ಕಾಡಿಲ್‌ಗಳು ಹಾರೆ, ಗುದ್ದಲಿ ಹಿಡಿದು, ನಕ್ಷೆಯ ಪ್ರಕಾರ ಗೂಟ ನೆಡುತ್ತ ಹೊರಟರು. ಐದನೆಯ ಗೂಟ ಪ್ರೆಸ್ಕಾಟರ ಹೊಸ ಜಗಲಿಯ ಈಚೆ ಬಿತ್ತು, ಆರನೆಯದು ಆಚೆ. ನಡುವೆ ಅವರು ಕಾಫಿ ಕುಡಿಯುತ್ತಿದ್ದರು.

"ಕಾಲು ಸ್ವಲ್ಪ ಎತ್ಕೊಳ್ಳಿ ಸಾಹೇಬ್ರೇ," ಎಂದಳು ಆರ್ಲೀನಾ, ಅಳತೆಪಟ್ಟಿ ಎಳೆಯುತ್ತ. "ದಾರಿ ಇಲ್ಲೇ ಹೋಗುತ್ತೆ."

ಮಧ್ಯಾಹ್ನದೊಳಗೆ ಗೇಟಿನ ಕೀಲಿಕೈ ಅಂಗಡಿಗೆ ಬಂತು. ಬರೆದುಕೊಟ್ಟ ಕಾಗದ ವಾಪಸು ಕೊಡಬಹುದೇ ಎಂದು ಪ್ರೆಸ್ಕಾಟರು ಕೇಳಿದರು. ಅಜ್ಜನ ನೆನಪಿಗೆ ಇರಲಿ ಎಂದಳು.

ಭಾನುವಾರ ಹಳೆಯ ದಾರಿಯಲ್ಲೇ ಎಲ್ಲರೂ ಹತ್ತಿದರು. ಆರ್ಲೀನಾ ಗಂಡನಿಗೆ ಹೂವಿಟ್ಟಳು. ಹೋಬರ್ಟ್ ಅಜ್ಜನ ತಲೆಯ ಬಳಿ ಒಂದು ತಟ್ಟೆ ಬೀನ್ಸು, ಜೋಳದ ರೊಟ್ಟಿ ಇಟ್ಟಳು.