ತೂತಿನ ಕುರ್ಚಿಗೆ ಕುಂಕುಮ

ಅರವತ್ತರ ದಶಕದಲ್ಲಿ ಯಶವಂತಪುರದ ನಮ್ಮ ಮನೆಯ ಕಕ್ಕಸು ಇದ್ದದ್ದು ಹಿತ್ತಲಿನ ಮೂಲೆಯಲ್ಲಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡ ಮೇಲೆ ನಮ್ಮತ್ತೆಗೆ ಅಲ್ಲಿ ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಪ್ರತಿಸಲವೂ ನಾನು ಎದುರಿಗೆ ನಿಂತು, ಕಂಕುಳಿಗೆ ಕೈಕೊಟ್ಟು ಇಳಿಸಬೇಕು, ಎತ್ತಬೇಕು. ನನ್ನ ಬೆನ್ನು ಬಿದ್ದುಹೋಗುತ್ತಿತ್ತು, ನಿಜ. ಆದರೆ ತಲೆ ಕೆಟ್ಟದ್ದು ಅದಕ್ಕಲ್ಲ. ನನ್ನನ್ನು ಕರೆಯಬೇಕಾಗುತ್ತದಲ್ಲ ಎಂದು ಈ ಮಹಾತಾಯಿ ನೀರು ಕುಡಿಯುವುದನ್ನೇ ಬಿಟ್ಟರು. ಹೀಗೇ ಆದರೆ ಕಿಡ್ನಿ ಕೆಡುತ್ತದೆ ಎಂದು ಡಾಕ್ಟರು ಗದರಿದರು. ಅಲ್ಲಿ ಚೆನ್ನಾಗಿ ತಲೆಯಾಡಿಸಿ ಬಂದವರು, ಮನೆಯಲ್ಲಿ ನಾನು ಕೊಟ್ಟ ನೀರನ್ನು ಕಿಟಕಿಯಿಂದ ಕನಕಾಂಬರದ ಗಿಡಕ್ಕೆ ಸುರಿದರು.

ಕೊನೆಗೆ ಗೊರಗುಂಟೆಪಾಳ್ಯದ ಆಚಾರಿಯನ್ನು ಹಿಡಿದು, ಕಕ್ಕಸಿನ ಗುಂಡಿಯ ಮೇಲೆ ಇಡಲು ಒಂದು ಕುರ್ಚಿ ಮಾಡಿಸಿದೆ. ಅಗಲವಾದ ಕಾಲು, ಹಿಡಿದು ಏಳಲು ಗಟ್ಟಿ ಕೈಗಳು, ನಡುವೆ ತೂತು. ಏತಕ್ಕೆಂದು ನಾಚಿಕೆ ಬಿಟ್ಟು ಹೇಳಿಯೂ ಇದ್ದೆ. ಶುಕ್ರವಾರ ಬೆಳಗ್ಗೆ ಆತ ಅದನ್ನು ಹೊತ್ತು ತಂದು ಜಗಲಿಯ ಮೇಲಿಟ್ಟ. ನೋಡಿದರೆ ನಾಲ್ಕೂ ಕಾಲಿಗೆ ಅರಿಶಿನ ಕುಂಕುಮ, ಬೆನ್ನಿಗೊಂದು ಸೇವಂತಿಗೆ!

"ಏನಪ್ಪಾ ಇದು?"

"ಒಸಾ ಸಾಮಾನಲ್ವಾ ಅಮ್ಮಾ? ಪೂಜೆ ಮಾಡ್ದೆ ಎಂಗ್ ಕೊಡೋದು?" ಎಂದ.

ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಕುರ್ಚಿಗೆ ಕೈಮುಗಿದರು. ಅಲ್ಲಿಗೆ ಕೆಲಸ ಕೆಟ್ಟಿತು.

"ಪೂಜೆ ಆಗಿರೋದ್ರ ಮೇಲೆ ಕಕ್ಕಸಿಗೆ ಕೂತ್ಕೊಳ್ಳೋದಾ? ನಿಂಗೇನಾದ್ರೂ ಬುದ್ಧಿ ಇದ್ಯೇನೇ?"

"ತೊಳೆದ್ಬಿಡ್ತೀನಿ ಅತ್ತೆ."

"ತೊಳೆದ್ರೆ ಪೂಜೆ ಹೋಗ್ಬಿಡುತ್ತೇನೇ?"

ಕುರ್ಚಿ ನಡುಮನೆಯಲ್ಲಿ ಮೆರೆಯತೊಡಗಿತು. ಬಂದವರೆಲ್ಲ ತೂತು ನೋಡಿ ನನ್ನ ಮುಖ ನೋಡುವರು. ಇನ್ನೊಂದು ಮಾಡಿಸೋಣ ಎಂದರು ನನ್ನ ಗಂಡ. ಅದಕ್ಕೆ ಮಾತ್ರ ಆಚಾರಿ ಕುಂಕುಮ ಇಡದೆ ಬಿಡುತ್ತಾನೆಯೇ? ಅಷ್ಟರಲ್ಲಿ ಅತ್ತೆಗೆ ಉರಿಮೂತ್ರ ಶುರುವಾಯಿತು. ಹಲ್ಲು ಕಚ್ಚಿಕೊಂಡು ಮಲಗಿದ್ದರು, ಆದರೂ ನೀರಿನ ಲೋಟ ಮುಟ್ಟಲೊಲ್ಲರು.

ನನ್ನ ಪಿತ್ತ ನೆತ್ತಿಗೇರಿತು. ಅವರನ್ನು ಎಬ್ಬಿಸಿ ನಡುಮನೆಗೆ ಕರೆತಂದು, ದೇವರ ಮನೆಯಿಂದ ಅಕ್ಷತೆ, ಗಂಟೆ ಎತ್ತಿಕೊಂಡು ಬಂದೆ.

"ಗಣಪತೀನೇ ವಿಸರ್ಜನೆ ಮಾಡ್ತೀವಿ. ಇದೇನು ಅವನಿಗಿಂತ ದೊಡ್ಡದಾ?" ಎಂದು ಕುರ್ಚಿಯ ಮೇಲೆ ಅಕ್ಷತೆ ಎರಚಿ ಗಣಗಣ ಗಂಟೆ ಬಾರಿಸಿದೆ. ಮೂದಲಿಸಬೇಕೆಂದೇ ಮಾಡಿದ್ದು.

ಅತ್ತೆಗೆ ಸಿಟ್ಟೇ ಬರಲಿಲ್ಲ. "ಹಾಗಲ್ಲ ಕಣೇ, ಉತ್ತರಕ್ಕೆ ಸ್ವಲ್ಪ ಸರಿಸ್ಬೇಕು" ಎಂದರು.

ಸರಿಸಿದೆ.

"ಹ್ಞೂಂ. ಈಗ ತಗೊಂಡ್ ನಡಿ."

ಹಿತ್ತಲಿಗೆ ಹೊತ್ತು ಹಾಕಿ, ಅವರನ್ನು ಕೂರಿಸಿ, ರೂಢಿಯಂತೆ ಎದುರಿಗೇ ನಿಂತೆ. ಅವರು ಬಿದ್ದಾಗಿನಿಂದ ಕಕ್ಕಸಿನ ಬಾಗಿಲು ಮುಚ್ಚಿದ್ದೇ ಇಲ್ಲ. ಅಷ್ಟೇ ಅಷ್ಟು ಜಾಗದಲ್ಲಿ ಇಬ್ಬರಿದ್ದರೆ ಅದು ಮುಚ್ಚುವುದೆಲ್ಲಿಂದ ಬಂತು? ಅತ್ತೆ ಕುರ್ಚಿಯ ಕೈಗಳನ್ನು ಹಿಡಿದು ಅಲ್ಲಾಡಿಸಿ ನೋಡಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು:

"ಬಾಗಿಲು ಹಾಕ್ಕೊಂಡ್ ಹೋಗೇ, ನನ್ತಾಯಿ."